ಬೇರಿಂಗಿನೊಳಗಿನ ತಿಳಿನೀಲಿ

ಮಧ್ಯಾಹ್ನದ ನಿದ್ದೆಗೂ ಎಚ್ಚರಕ್ಕೂ ನಡುವೆ ಒಂದು ಜಾಗ ಇದೆಯಲ್ಲ, ವಯಸ್ಸಾದಂತೆ ನಾನು ಅಲ್ಲೇ ಹೆಚ್ಚು ಹೊತ್ತು ಇರುತ್ತೇನೆ. ಅಲ್ಲಿಗೆ ಎಲ್ಲವೂ ಸ್ವಲ್ಪ ತಡವಾಗಿ, ಸ್ವಲ್ಪ ಮೆತ್ತಗಾಗಿ ಬರುತ್ತದೆ. ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ಯಾರೋ ಯಾರನ್ನೋ ಕರೆದದ್ದು. ನಮ್ಮ ಹುಲ್ಲಿನ ಮೆಷಿನ್ನಿನ ಸದ್ದೂ ಎಷ್ಟೋ ವರ್ಷ ನನಗೆ ಹಾಗೇ ಬರುತ್ತಿತ್ತು. ಇವರು ಹಿಂದಿನ ಗದ್ದೆಯಲ್ಲಿ ಅದರ ಮೇಲೆ ಕೂತು ಸುತ್ತು ಹಾಕುತ್ತಿದ್ದರು. ನಾನು ಒಳಗೆ ಕಣ್ಣು ಮುಚ್ಚಿಕೊಂಡು, ಸದ್ದು ದೂರ ಹೋದದ್ದು, ಬೇಲಿಯ ಹತ್ತಿರ ತಿರುಗಿದ್ದು, ಮತ್ತೆ ಹತ್ತಿರ ಬಂದದ್ದು ಕೇಳುತ್ತಿದ್ದೆ. ನಾನು ಓದಿದ ಕಾನ್ವೆಂಟಿನ ಚಾಪೆಲ್ಲಿನಲ್ಲಿ ಸಿಸ್ಟರ್‌ಗಳು ಹಾಡು ಶುರು ಮಾಡುವ ಮೊದಲು ಬಾಯಿ ಮುಚ್ಚಿಕೊಂಡೇ ಶ್ರುತಿ ಹಿಡಿಯುತ್ತಿದ್ದರು. ಹಮ್ಮಿಂಗ್. ಆ ಸದ್ದಿನಲ್ಲಿ ಪದಗಳಿರಲಿಲ್ಲ, ಆದರೂ ಯಾರೋ ನಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎನ್ನುವ ಧೈರ್ಯ ಇತ್ತು. ಮೆಷಿನ್ನಿನದೂ ಹಾಗೇ.

ಇವರು ಎಂದರೆ ನನ್ನ ಯಜಮಾನರು. ಮೆಷಿನ್ನು ಎಂದರೆ ಸಣ್ಣ ಟ್ರ್ಯಾಕ್ಟರಿನಂತೆ ಮೇಲೆ ಕೂತು ಓಡಿಸುವ ಲಾನ್ ಮೋವರ್. ಚಿಕ್ಕಮಗಳೂರಿನ ಕಡೆಯ ಒಂದು ಎಸ್ಟೇಟ್ ಕ್ಲಬ್ಬಿನವರು ಗಾಲ್ಫ್ ಆಡುವುದನ್ನು ಬಿಟ್ಟು ಸಾಮಾನೆಲ್ಲ ವಿಲೇವಾರಿ ಮಾಡಿದಾಗ ಇವರು ಅದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದರು. ಆಗಲೇ ಅದು ಹಳತು. ಕೆಂಪು ಬಣ್ಣ ಬಿಸಿಲಿಗೆ ಗುಲಾಬಿಯಾಗಿತ್ತು. ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಪಕ್ಕ ನಾವು ಕಟ್ಟಿಸಿಕೊಂಡ ಮನೆ, ಅದರ ಹಿಂದೆ ಹಾಸಿದಂತೆ ಸಮವಾಗಿರುವ ಒಂದೇ ಒಂದು ಗದ್ದೆ. ಸುತ್ತಮುತ್ತ ಎಲ್ಲರೂ ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಸಸಿ ನೆಟ್ಟರು. ಇವರು ಹುಲ್ಲು ಬಿಟ್ಟರು.

"ಅಣ್ಣಯ್ಯ, ದನ ಎಲ್ಲ ಮಾರಿ ಆದ್ಮೇಲೆ ಹುಲ್ಲು ಬೆಳೆದೋನು ಇಡೀ ತಾಲೂಕಲ್ಲಿ ನೀನೊಬ್ನೇ," ಎಂದು ನನ್ನ ನಾದಿನಿ, ಅಂದರೆ ಇವರ ತಂಗಿ, ಸಿಕ್ಕಿದವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ಇವರು ಆಯುಷ್ಯವೆಲ್ಲ ರಸ್ತೆ ಕಾಂಟ್ರಾಕ್ಟ್ ಮಾಡಿದವರು. ಏರು, ಇಳುಕಲು, ತಿರುವು, ಕುಸಿದ ದರೆ, ಇದೇ ಬದುಕಾಗಿದ್ದವರಿಗೆ ಸಮ ಇರುವ ನೆಲ ಎಂದರೆ ಒಂದು ಬಗೆಯ ಮೋಕ್ಷವೇ ಇರಬೇಕು. ಹುಲ್ಲು ಕತ್ತರಿಸಿ ಆದಮೇಲೆ ಮೆಷಿನ್ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತು ಆ ಹಸಿರನ್ನು ನೋಡುತ್ತಿದ್ದರು. ನಾನು ಕಾಫಿ ಕೊಟ್ಟರೆ ಕಾಫಿ ಆರುತ್ತಿತ್ತು. ಏನು ನೋಡುತ್ತೀರಿ ಎಂದು ನಾನು ಕೇಳಲಿಲ್ಲ. ಕೆಲವು ಸೈಲೆನ್ಸ್‌ಗಳನ್ನು ಕೇಳಿ ಕೆಡಿಸಬಾರದು.

ಹೋದ ವರ್ಷ ಇವರಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು. ಮಾತು ಮೊದಲು ಪೂರ್ತಿ ಹೋಗಿ, ಆಮೇಲೆ ಒಂದೊಂದೇ ಪದವಾಗಿ ಹಿಂದೆ ಬಂತು, ಟೂರ್ ಹೋದ ಮಕ್ಕಳು ನಿದ್ದೆಗಣ್ಣಿನಲ್ಲಿ ಬಸ್ಸಿನಿಂದ ಇಳಿಯುವ ಹಾಗೆ. ಕೈಕಾಲು ಮಾತ್ರ ಬರಲಿಲ್ಲ. ತೀರ್ಥಹಳ್ಳಿಯ ಫಿಸಿಯೋಥೆರಪಿಯ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. "ಆಂಟಿ, ದಿನಾ ನಡೀಲೇಬೇಕು. ನಡೆದ್ರೆ ನಡೀತಾರೆ. ಕೂತ್ರೆ ಕೂತೇ ಬಿಡ್ತಾರೆ."

ಇವರು ರಸ್ತೆಗೆ ಇಳಿಯಲು ಒಪ್ಪಲಿಲ್ಲ. "ರೋಡು ಬ್ಯಾಡ," ಎಂದರು. ಬಹಳ ಹೊತ್ತು ಪದ ಹುಡುಕಿ, "ನಾ ಮಾಡ್ಸಿದ್ದು," ಎಂದರು. ಅರ್ಥವಾಯಿತು. ಮನೆ ಮುಂದಿನ ಆ ಡಾಂಬರು ಇವರೇ ಹಾಕಿಸಿದ್ದು. ಅದರ ಮೇಲೆ ಕಾಲು ಎಳೆದುಕೊಂಡು ಹೋಗುವುದನ್ನು ಬಸ್ಸಿನ ಕಿಟಕಿಯವರು ನೋಡುವುದು ಬೇಡ.

ಹಾಗಾಗಿ ಹಿಂದಿನ ಹುಲ್ಲು. ಮೆಷಿನ್ನಿನ ಸೀಟು ಈಗ ನನ್ನ ಪಾಲಿಗೆ ಬಂದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ದಿನ ಹತ್ತಿ ಕೂತಾಗ ನಾದಿನಿ ಬೇಲಿಯಾಚೆಯಿಂದ ಕೂಗಿದಳು, "ಅತ್ತಿಗೆ, ಕಿರೀಟ ಒಂದು ಕಮ್ಮಿ ನೋಡಿ!" ನಾನು ಕ್ವೀನ್ ಥರ ಕೈ ಬೀಸಿದೆ. ಬೀಸಲು ಹೋಗಿ ದಾಸವಾಳದ ಗಿಡದ ಮೇಲೆ ಹತ್ತಿಸಿದೆ.

ಕತ್ತರಿಸಿದ ಹುಲ್ಲಿನ ಮೇಲೆ ಇವರನ್ನು ಬರಿಗಾಲಲ್ಲಿ ನಡೆಸುತ್ತಿದ್ದೆ. ಬಲಗೈಯಲ್ಲಿ ಕೋಲು, ಎಡಗಡೆ ನಾನು. ಒಂದು ಸಂಜೆ, ಬಿಸಿಲು ಹುಲ್ಲಿನ ಬುಡದಲ್ಲಿ ಜೇನಿನ ಹಾಗೆ ನಿಂತಿದ್ದಾಗ, ಇವರು ಸಟ್ಟನೆ ನಿಂತುಬಿಟ್ಟರು. ಎಡಗಾಲನ್ನು ನೋಡಿದರು. "ಚುಚ್ಚುತ್ತೆ," ಎಂದರು. ಆಗಷ್ಟೇ ಕತ್ತರಿಸಿದ ಹುಲ್ಲಿನ ಕೂಳೆ, ಬ್ರಷ್ಷಿನ ಹಾಗೆ ಸಣ್ಣಗೆ ಚುಚ್ಚುತ್ತದಲ್ಲ, ಅದು ಆ ಸತ್ತ ಪಾದಕ್ಕೆ ತಿಳಿದಿತ್ತು. ನಾನು ಅಲ್ಲೇ ಕೂತು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಫೋನಿನಲ್ಲಿ ಹೇಳಿದಾಗ ಫಿಸಿಯೋ ಹುಡುಗಿ ಕಿರುಚಿದಳು. "ಆಂಟಿ, ಅದೇ ಬೇಕಿತ್ತು! ಗಿಡ್ಡ ಹುಲ್ಲಲ್ಲೇ ನಡೆಸಿ, ಉದ್ದ ಬಿಡ್ಬೇಡಿ."

ಅಂದಿನಿಂದ ಹುಲ್ಲನ್ನು ಗಿಡ್ಡ ಇಡುವುದು ನನಗೆ ಪೂಜೆಯ ಹಾಗಾಯಿತು.

ಈ ಮಳೆಗಾಲ ಮುಗಿಯುತ್ತ ಬಂದಾಗ ಮೆಷಿನ್ನಿನ ಸ್ವರ ಕೆಟ್ಟಿತು. ಮೊದಲು ಹಮ್ಮಿಂಗ್‌ನ ಕೆಳಗೆ ಒಂದು ಸಣ್ಣ ಗೊರಗೊರ. ಆಮೇಲೆ ಅದು ಗೋಳಾಯಿತು. ಬಲಗಡೆಯ ಹುಲ್ಲು ಒಂದು ಕಡೆ ಬೋಳು, ಒಂದು ಕಡೆ ಜುಟ್ಟು, ಎಳೆ ಮಗುವಿಗೆ ಅಪ್ಪ ಕೂದಲು ಕತ್ತರಿಸಿದ ಹಾಗೆ ಕಾಣತೊಡಗಿತು. ಒಂದು ದಿನ ಗದ್ದೆಯ ನಟ್ಟನಡುವೆ ಸುಟ್ಟ ವಾಸನೆ ಬಂದು ನಾನೇ ಕೀ ತಿರುಗಿಸಿ ಆಫ್ ಮಾಡಿದೆ. ಶಿವಮೊಗ್ಗಕ್ಕೆ ಫೋನ್ ಮಾಡಿ ಹೊಸದು ಸಿಕ್ಕೀತೇ ಎಂದು ಕೇಳಿದೆ. ಮೇಲೆ ಕೂರುವಂಥದ್ದನ್ನು ಇಲ್ಲಿ ಯಾರೂ ಇಟ್ಟಿರುವುದಿಲ್ಲ, ಆರ್ಡರ್ ಹಾಕಿದರೆ ದೀಪಾವಳಿ ಕಳೆಯಬಹುದು ಎಂದರು.

ಒಂದು ಗಳಿಗೆ ಬಿಸಿಲು, ಒಂದು ಗಳಿಗೆ ಹನಿ ಇರುವ ಕಾಲ ಅದು. ಹುಲ್ಲು ನೋಡುತ್ತಿದ್ದಂತೆಯೇ ಮೊಳಕಾಲು ಮುಟ್ಟಿತು. ಹುಲ್ಲಿಗೆ ರಕ್ತ ಹೀರುವ ಇಂಬಳ ಬಂತು. ನಾದಿನಿ ತನ್ನ ಕೆಲಸದವನನ್ನು ವೀಡ್ ಕಟರ್ ಕೊಟ್ಟು ಕಳಿಸಿದಳು. ಅದು ತೋಟದ ಕಳೆ ಹೊಡೆಯುವ ಮೆಷಿನ್ನು. ಅಲ್ಲೊಂದು ಕುಚ್ಚು, ಇಲ್ಲೊಂದು ಗುಂಡಿ ಮಾಡಿ ಹೋಯಿತು. ಇವರು ಒಂದು ಸಂಜೆ ಇಳಿದರು. ಎಳೆಯುವ ಕಾಲು ಕುಚ್ಚಿಗೆ ಸಿಕ್ಕಿ ನನ್ನ ಕೈ ತಪ್ಪಿ ಮಂಡಿಯೂರಿ ಬಿದ್ದರು. ಪೆಟ್ಟಾಗಲಿಲ್ಲ. ಹುಲ್ಲಿನ ರಸ ಅಂಟಿದ ಮಂಡಿಯನ್ನು ನಾನು ಒರೆಸುತ್ತಿದ್ದಾಗ ಇವರು, "ಸಾಕು," ಎಂದರು.

ಮರುದಿನ ಮೆಟ್ಟಿಲ ಹತ್ತಿರವೂ ಹೋಗಲಿಲ್ಲ. ಹಿಂದಿನ ಜಗಲಿಯ ಕುರ್ಚಿಯಲ್ಲಿ ಕೂತರು. ಅದರ ಮರುದಿನವೂ. ಊಟಕ್ಕೆ ತಟ್ಟೆ ಅಲ್ಲಿಗೇ ತರಲು ಹೇಳಿದರು. ಕೂತ್ರೆ ಕೂತೇ ಬಿಡ್ತಾರೆ, ಎಂದ ಆ ಹುಡುಗಿಯ ಮಾತು ನನ್ನ ಮಧ್ಯಾಹ್ನದ ನಿದ್ದೆಯೊಳಗೆ ಬಂದು ಕೂತಿತು.

"ಗುಜರಿಗೆ ಹಾಕಿ ಅತ್ತಿಗೆ ಇದ್ನ," ಎನ್ನುತ್ತಲೇ ನಾದಿನಿ ಸ್ಪಾನರ್ ಸೆಟ್ ಹಿಡಿದು ಬಂದಳು. ಗಂಡ ತೀರಿಕೊಂಡ ಮೇಲೆ ಅವಳ ತೋಟ, ಅಡಿಕೆ ಸುಲಿಯುವ ಮೆಷಿನ್ನು, ಪಂಪು ಎಲ್ಲ ಅವಳ ಕೈಯಲ್ಲೇ ನಡೆಯುತ್ತವೆ. 'ತಾಳಿಗಿಂತ ಈ ಸ್ಪಾನರೇ ಜಾಸ್ತಿ ವರ್ಷ ನನ್ನ ಜೊತೆ ಬಾಳಿದ್ದು' ಎನ್ನುವುದು ಅವಳದೇ ಮಾತು. ಬಾಯಲ್ಲಿ ಗುಜರಿ ಎಂದರೂ ಕೈ ಆಗಲೇ ಮೆಷಿನ್ನಿನ ಕೆಳಗೆ ಹೋಗಿತ್ತು.

ಬೆಲ್ಟ್ ಬಿಚ್ಚಿ, ಪಿನ್ನುಗಳನ್ನು ಎಳೆದು, ಡೆಕ್ಕನ್ನು ಪಕ್ಕಕ್ಕೆ ಜಾರಿಸಿ ತೆಗೆದೆವು. ಡೆಕ್ ಎಂದರೆ ಮೆಷಿನ್ನಿನ ಹೊಟ್ಟೆಯ ಕೆಳಗಿರುವ ಕಬ್ಬಿಣದ ಅಗಲ ಮುಚ್ಚಳ. ಅದರೊಳಗೆ ಎರಡು ಬ್ಲೇಡುಗಳು ಫ್ಯಾನಿನ ಹಾಗೆ ಮಲಗಿ ತಿರುಗುತ್ತವೆ. ಪ್ರತಿ ಬ್ಲೇಡಿಗೂ ಒಂದು ನೆಟ್ಟಗಿನ ಅಚ್ಚು, ಅದಕ್ಕೇ ಸ್ಪಿಂಡಲ್ ಎನ್ನುವುದು. ಅಚ್ಚಿಗೆ ಮೇಲೊಂದು ಕೆಳಗೊಂದು ಬೇರಿಂಗು. ಡೆಕ್ಕನ್ನು ಜಗಲಿಯ ಮುಂದೆ ಅಂಗಾತ ಹಾಕಿದಾಗ ಒಣಗಿದ ಹುಲ್ಲಿನ ಹೆಕ್ಕಳೆ ಬಿದ್ದು ಹಳೆಯ ಬೇಸಿಗೆಗಳ ವಾಸನೆ ಬಂತು.

"ಬಲಗಡೆ ಬ್ಲೇಡ್ ಹಿಡ್ದು ಅಲ್ಲಾಡ್ಸಿ ನೋಡಿ."

ಅಲ್ಲಾಡಿಸಿದೆ. ಕಟಕಟ ಎಂದಿತು.

"ನಮ್ಮ ಅಜ್ಜಿ ಹಲ್ಲು ಹಿಂಗೇ ಇತ್ತು," ಎಂದಳು. "ಬೇರಿಂಗ್ ಹೋಗಿದೆ. ಅದೂ ಇದೂ ಎಂತ ಇಲ್ಲ, ಅದೇ."

ಬ್ಲೇಡಿಗೆ ಮರದ ತುಂಡು ಅಡ್ಡ ಕೊಟ್ಟು ನಾನು ಹಿಡಿದೆ. ಅವಳು ಸ್ಪಾನರಿಗೆ ಉದ್ದದ ಪೈಪು ಸಿಕ್ಕಿಸಿ ಅದರ ಮೇಲೆ ಭಾರ ಬಿಟ್ಟಳು. ನಟ್ಟು ಹಂದಲಿಲ್ಲ. "ಇಂಗ್ಲಿಷಲ್ಲಿ ಒಂದ್ಸಲ ಬೈದು ನೋಡಿ ಅತ್ತಿಗೆ, ಕ್ಲಬ್ಬಿನ ನಟ್ಟು, ಕನ್ನಡಕ್ಕೆ ಜಗ್ಗಲ್ಲ." ಕಾನ್ವೆಂಟಿನಲ್ಲಿ ಬೈಯಲು ಕಲಿಸಿರಲಿಲ್ಲ. ಪ್ಲೀಸ್, ಎಂದೆ. ಅವಳಿಗೆ ನಗು ಬಂತು, ನಗುವಿನ ಭಾರಕ್ಕೋ ಏನೋ, ನಟ್ಟು ಕಿರ್ ಎಂದು ಸಡಿಲವಾಯಿತು. ಜಗಲಿಯಿಂದ ಇವರು ನೋಡುತ್ತಿದ್ದರು. ನಗಲಿಲ್ಲ.

ಅಚ್ಚನ್ನು ಬಡಿದು ಇಳಿಸಿದಾಗ ಕೆಳಗಿನ ಬೇರಿಂಗು ಅದರ ಜೊತೆಗೇ ಚೂರಾಗಿ ಬಂತು. ಗುಂಡುಗಳು ಮೆಟ್ಟಿಲ ಮೇಲೆ ಜೋಳದ ಕಾಳಿನ ಹಾಗೆ ಉರುಳಿದವು. ಹೊಳೆಯಬೇಕಾದವು ಮಚ್ಚೆ ಮಚ್ಚೆಯಾಗಿ ಕಂದಿದ್ದವು. ತುಕ್ಕಿನ ಕೆಂಪು ಹುಡಿಯ ನಡುವೆ ಒಂದು ತಿಳಿನೀಲಿ ಗೆರೆ ಕಾಣಿಸಿತು. ಹಳೆಯ ಗ್ರೀಸಿನ ಬಣ್ಣ ಇರಬಹುದು ಎಂದುಕೊಂಡೆ. ಚೆಂದದ ನೀಲಿ. ಕಾನ್ವೆಂಟಿನಲ್ಲಿ ಮದರ್ ಮೇರಿಯ ಮೂರ್ತಿಯ ಸೆರಗಿಗೆ ಬಳಿದಿದ್ದ ನೀಲಿ ಅದು. ಅಂಥ ನೀಲಿ ಮೆಷಿನ್ನಿನ ಹೊಟ್ಟೆಯಲ್ಲಿ ಯಾಕಿರುತ್ತದೆ ಎಂದು ಆಗ ಯೋಚಿಸಲಿಲ್ಲ.

ಮೇಲಿನ ಬೇರಿಂಗು, ಅದು ಕೂರುವ ಲೋಹದ ಗೂಡಿನಲ್ಲೇ ಕಚ್ಚಿಕೊಂಡಿತ್ತು. ಎಡಗಡೆಯ ಸ್ಪಿಂಡಲ್ಲೂ ಗೊರಗುಟ್ಟುತ್ತಿತ್ತು. ಎರಡೂ ಗೂಡುಗಳನ್ನು ಬಿಚ್ಚಿ ಗೋಣಿಚೀಲದಲ್ಲಿ ಹಾಕಿಕೊಂಡು ಮರುದಿನ ಅವಳ ವ್ಯಾನಿನಲ್ಲಿ ಸಾಗರಕ್ಕೆ ಹೊರಟೆವು. ಅವಳ ಗುರುತಿನ ಬೇರಿಂಗ್ ಅಂಗಡಿ ಇರುವುದು ಅಲ್ಲಿ, ಒಳಗೇ ಪ್ರೆಸ್ಸೂ ಇದೆ. ಬಟ್ಟೆಮಲ್ಲಪ್ಪ ದಾಟುವಾಗ ಬಿಳಿ ಮೋಡಗಳು ರಸ್ತೆಯ ಮೇಲೆ ನೆರಳು ಎಳೆಯುತ್ತ ನಮ್ಮ ಮುಂದೆ ಮುಂದೆ ಹೋಗುತ್ತಿದ್ದವು. ಕಾಲಿನ ಹತ್ತಿರ ಗೋಣಿಚೀಲ, ಅದರೊಳಗೆ ಆ ಗೂಡುಗಳು, ಆಸ್ಪತ್ರೆಗೆ ಕರೆದೊಯ್ಯುವ ಮಕ್ಕಳ ಹಾಗೆ. ನನಗೆ ತೂಕಡಿಕೆ. ಹುಲ್ಲೆಲ್ಲ ಮತ್ತೆ ಗಿಡ್ಡವಾಗಿತ್ತು, ಇವರು ನನ್ನ ಕೈ ಬಿಟ್ಟು ಬೇಲಿಯವರೆಗೆ ಹೋಗುತ್ತಿದ್ದರು. ವ್ಯಾನು ಗುಂಡಿಗೆ ಇಳಿದಾಗ ಎಚ್ಚರವಾಯಿತು.

ಅಂಗಡಿಯವರು ನನ್ನ ವಯಸ್ಸಿನವರೇ. "ಏನಮ್ಮಾ, ಈ ಸಲ ಸುಲಿಯೋ ಮೆಷಿನ್ನಾ, ಪಂಪಾ?" ಎಂದರು ನಾದಿನಿಗೆ.

"ಎರಡೂ ಅಲ್ಲ. ನಮ್ಮ ಅತ್ತಿಗೆ ಕಾರು. ಪೆಟ್ರೋಲ್ ಕುಡ್ದು ಹುಲ್ಲು ತಿನ್ನುತ್ತೆ."

ಅವರು ಪ್ರೆಸ್ಸಿನಲ್ಲಿ ಒತ್ತಿ ಬೇರಿಂಗು ಹೊರಗೆ ತೆಗೆದು, ಬಟ್ಟೆಯಿಂದ ಉಜ್ಜಿ ನಂಬರು ನೋಡಿದರು. "ಸಿಕ್ಸ್‌ಟಿ ಟೂ ನಾಟ್ ಫೋರ್. ನಿಮ್ಮ ಅಡಿಕೆ ಸುಲಿಯೋ ಮೆಷಿನ್ನಲ್ಲಿರೋದೂ ಇದೇ ಅಲ್ವಾ?" ನನಗೆ ಅದು ಎಷ್ಟು ಹಿತವಾಯಿತೆಂದರೆ! ಎಲ್ಲಿಯ ಗಾಲ್ಫ್, ಎಲ್ಲಿಯ ಅಡಿಕೆ ಸಿಪ್ಪೆ, ಒಳಗಿನ ಮೂಳೆ ಒಂದೇ.

ಹಳೆಯ ಬೇರಿಂಗುಗಳ ಜೊತೆ ಗೂಡುಗಳ ಒಳಗಿಂದ ಎರಡು ಕೊಳವೆಗಳೂ ಹೊರಬಂದವು. ಬೆರಳುದ್ದದ ಕಬ್ಬಿಣದ ಕೊಳವೆ, ಅಂಗಡಿಯವರ ಮಾತಿನಲ್ಲಿ ಬುಷ್. ಮೇಲಿನ ಬೇರಿಂಗಿಗೂ ಕೆಳಗಿನದಕ್ಕೂ ನಡುವೆ ಕೂತು ಎರಡನ್ನೂ ದೂರ ಇಡುವುದು ಅದರ ಕೆಲಸ. ಹೊಸ ಬೇರಿಂಗುಗಳನ್ನು ಮುಂದಿಟ್ಟು, "ಗೂಡಿನ ತುಕ್ಕೆಲ್ಲ ತೊಳ್ದು ಆಮೇಲೆ ಇವನ್ನ ಕೂರ್ಸಿ. ಈ ಬುಷ್ ಮಾತ್ರ ಕಳೀಬೇಡಿ. ಇದಿಲ್ದೇ ಟೈಟ್ ಮಾಡಿದ್ರೆ ಬೇರಿಂಗು ಹಿಡ್ಕಂಡು ಬಿಡುತ್ತೆ," ಎಂದರು. ಆಮೇಲೆ ಕೊಳವೆಯನ್ನು ಬೆಳಕಿಗೆ ತಿರುಗಿಸಿ, "ನೀರು ಹೋಗಿದೆ. ಮಳೆ ನೀರು ಇಷ್ಟು ಒಳಗೆ ಹೋಗಲ್ಲ. ಪ್ರೆಶರಲ್ಲಿ ಹೊಡೆಸ್ತೀರಾ?"

"ಇಲ್ಲಪ್ಪ, ನಮ್ಮಲ್ಲಿ ಅದೆಲ್ಲ ಎಲ್ಲಿ," ಎಂದೆ ನಾನು.

ನಾದಿನಿ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನನಗೆ ಭಯ. ಕೊಳವೆಯ ಮೈಮೇಲೆಲ್ಲ ಆ ತಿಳಿನೀಲಿ, ಒಣಗಿದ ಸುಣ್ಣದ ಹಾಗೆ ಹರಳುಗಟ್ಟಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ತನ್ನ ಹೆಬ್ಬೆರಳಿನ ಉಗುರು ನೋಡಿಕೊಂಡಳು. ಉಗುರಿನ ಅಂಚಿನಲ್ಲಿ ಈ ಮಳೆಗಾಲವೆಲ್ಲ ತೊಳೆದರೂ ಹೋಗದ ಅದೇ ನೀಲಿ.

ಮೈಲುತುತ್ತ ಮತ್ತು ಸುಣ್ಣ. ಅಡಿಕೆಗೆ ಕೊಳೆ ರೋಗ ಬಾರದಿರಲೆಂದು ಮಳೆಗಾಲದಲ್ಲಿ ಹೊಡೆಯುವ ಔಷಧಿ.

ಆಗ ನನಗೂ ಕಣ್ಣಿಗೆ ಕಟ್ಟಿದ ಹಾಗೆ ನೆನಪು ಬಂತು. ಪ್ರತಿ ವರ್ಷ ಆಯುಧಪೂಜೆಯ ಬೆಳಿಗ್ಗೆ. ಅಷ್ಟು ಹೊತ್ತಿಗೆ ತೋಟಕ್ಕೆ ಔಷಧಿ ಹೊಡೆದು ಮುಗಿದಿರುತ್ತದೆ, ನಾದಿನಿಯ ಪಂಪು ಬಿಡುವಾಗಿರುತ್ತದೆ. ಅಡಿಕೆ ಮರದ ತುದಿಯ ಗೊನೆಗೆ ಔಷಧಿ ಮುಟ್ಟಿಸುವ ಪಂಪು ಅದು, ಅದರ ನೀರಿನ ಏಟು ಸಾಮಾನ್ಯದ್ದಲ್ಲ. ಇವರು ಅದನ್ನು ತರಿಸಿ, ಮೆಷಿನ್ನನ್ನು ಹಲಗೆಯ ಮೇಲೆ ಹತ್ತಿಸಿ, ದೂರದಲ್ಲಿ ನಿಂತು ಅದರ ಸ್ಪ್ರೇ ಗನ್ ಹಿಡಿದು ಡೆಕ್ಕಿನ ಮೇಲೆ, ಕೆಳಗೆ, ಸಂದುಗೊಂದಿಗೆಲ್ಲ ನೀರು ಹೊಡೆಯುತ್ತಿದ್ದರು. ಎಳೆಬಿಸಿಲಿಗೆ ಆ ತುಂತುರಿನಲ್ಲಿ ಕಾಮನಬಿಲ್ಲು ಮೂಡುತ್ತಿತ್ತು. ಆಮೇಲೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ, ಬೂದುಗುಂಬಳಕಾಯಿ. ಅಷ್ಟು ಪ್ರೀತಿಯಿಂದ ಅವರು ಇನ್ನು ಯಾವುದನ್ನೂ ತೊಳೆದದ್ದು ನಾನು ನೋಡಿಲ್ಲ. ಪಂಪಿನ ತಳದಲ್ಲಿ ಉಳಿದ ಔಷಧಿಯೂ ಸೇರಿ ಆ ನೀರು ವರ್ಷ ವರ್ಷವೂ ಬೇರಿಂಗಿನ ಮುಚ್ಚಳದಂಥ ಸೀಲು ದಾಟಿ ಒಳಗೆ ನುಗ್ಗಿ, ಅಲ್ಲೇ ಒಣಗಿ, ಗ್ರೀಸು ತೊಳೆದು, ಉಕ್ಕು ತಿಂದಿತ್ತು.

ವಾಪಸು ಬರುವಾಗ ಹೊಸನಗರ ದಾಟಿದ ಮೇಲೆ ನಾದಿನಿ ವ್ಯಾನು ನಿಧಾನ ಮಾಡಿದಳು.

"ಪಂಪು ನಂದು," ಎಂದಳು. "ಔಷಧಿ ಹೊಡ್ದು ಮುಗ್ದ ಕೂಡ್ಲೇ ಅಣ್ಣಯ್ಯನ ಫೋನು. ಪಂಪು ಕಳ್ಸೇ, ಮೆಷಿನ್ ಮೀಯ್ಸ್‌ಬೇಕು ಅಂತ. ಒಂದ್ ವರ್ಷನಾದ್ರೂ ಟ್ಯಾಂಕ್ ತೊಳ್ದು ಕಳ್ಸಿದ್ನಾ ನಾನು?"

"ಬಿಡು ಮಾರಾಯ್ತಿ."

"ಅಣ್ಣಯ್ಯಂಗೆ ಹೇಳಾದು ಬ್ಯಾಡ ಅತ್ತಿಗೆ. ಈಗ್ಲೇ ಯಾರು ಕಪ್ ಒಡೆದ್ರೂ 'ನಂದೇ ತಪ್ಪು' ಅಂತಾನೆ. ಇದು ಗೊತ್ತಾದ್ರೆ ಆ ಕುರ್ಚಿ ಬಿಟ್ಟು ಏಳದೇ ಇಲ್ಲ."

ಅದು ನನಗೂ ಗೊತ್ತಿತ್ತು. ಸ್ಟ್ರೋಕ್ ಆದಮೇಲೆ ಇವರು ಮನೆಯಲ್ಲಿ ಏನೇ ಕೆಟ್ಟರೂ ತಮ್ಮ ಎಡಗೈಯನ್ನು ನೋಡಿಕೊಳ್ಳುತ್ತಾರೆ. ಹೇಳುವುದು ಬೇಡ ಎಂದು ಗಟ್ಟಿ ಮಾಡಿಕೊಂಡೆವು. ಮನೆಗೆ ಹೋದ ಕೂಡಲೇ ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ನೀಲಿಯ ಗುರುತೇ ಇಲ್ಲದ ಹಾಗೆ ಮಾಡುವುದು.

ಇಳಿದು ಚೀಲವನ್ನು ಜಗಲಿಯ ತಟ್ಟೆಯಲ್ಲಿ ಸುರಿದು, ಕೈಕಾಲು ತೊಳೆದು, ಕಾಫಿ ಕುಡಿದು ಕೂತೆವು. ಗೂಡು, ಅಚ್ಚು, ಬೋಲ್ಟು ಎಲ್ಲವನ್ನೂ ಹಳೆಯ ಬೋಗುಣಿಯಲ್ಲಿ ಬ್ರಷ್ ಹಾಕಿ ತೊಳೆದೆವು. ಇವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆಯೋ ಏನೋ.

ಹೊಸ ಬೇರಿಂಗು ಗೂಡಿನೊಳಗೆ ಕೂರಬೇಕಲ್ಲ, ನಾದಿನಿ ಸುತ್ತಿಗೆ ಎತ್ತಿದಳು. ಆಗ ನನಗೆ ಎಷ್ಟೋ ವರ್ಷದ ಹಿಂದಿನ ಒಂದು ಮಧ್ಯಾಹ್ನ ಎದುರಿಗೆ ಬಂತು. ಕಾನ್ವೆಂಟಿನ ಸೈನ್ಸ್ ಲ್ಯಾಬು, ಬಿಳಿ ಉಡುಪಿನ ಸಿಸ್ಟರ್, ಅವರ ಕೈಯಲ್ಲಿ ಹಿತ್ತಾಳೆಯ ಗುಂಡು ಮತ್ತು ಬಳೆ. ತಣ್ಣಗಿದ್ದಾಗ ಗುಂಡು ಬಳೆಯೊಳಗೆ ತೂರುತ್ತದೆ. ಸ್ಪಿರಿಟ್ ಲ್ಯಾಂಪಿನ ಮೇಲೆ ಹಿಡಿದರೆ ತೂರುವುದಿಲ್ಲ. "ಹೀಟ್ ಮೇಕ್ಸ್ ಎವ್ರಿಥಿಂಗ್ ಪ್ರೌಡ್, ಗರ್ಲ್ಸ್," ಎನ್ನುತ್ತಿದ್ದರು. ಇಡೀ ಕ್ಲಾಸು ನಿದ್ದೆ ಮಾಡುತ್ತಿದ್ದ ಆ ಹೊತ್ತಿನಲ್ಲಿ ನಾನೊಬ್ಬಳು ಯಾಕೋ ಎಚ್ಚರವಿದ್ದೆ.

"ಹೊಡೀಬೇಡ ಕಣೇ. ಬೇರಿಂಗ್‌ಗಳನ್ನ ಫ್ರೀಜರಲ್ಲಿ ಇಡೋಣ. ಗೂಡನ್ನ ಕುದಿಯೋ ನೀರಲ್ಲಿ ಹಾಕೋಣ."

"ಎಂತ, ಅಡುಗೆ ಮಾಡ್ತೀರಾ?"

"ಮಾಡಿ ತೋರಿಸ್ತೀನಿ ಇರು."

ಹೊಸ ಬೇರಿಂಗುಗಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಕಾಯಿತುರಿಯ ಡಬ್ಬಿಯ ಪಕ್ಕ ಆ ರಾತ್ರಿ ಕಳೆದವು. ಬೆಳಿಗ್ಗೆ ಬಚ್ಚಲ ಹಂಡೆಯಲ್ಲಿ ನೀರು ಮರಳುವಾಗ ಗೂಡನ್ನು ತಂತಿ ಕಟ್ಟಿ ಇಳಿಬಿಟ್ಟೆ. ಎತ್ತಿ, ಒರೆಸಿ, ಆವಿಯಾಡುವಾಗಲೇ ತಣ್ಣಗಿನ ಬೇರಿಂಗನ್ನು ಅದರ ಬಾಯಿಗೆ ಇಟ್ಟೆ. ಅದು ಟಕ್ ಎಂದು ತಾನಾಗಿಯೇ ಒಳಗೆ ಇಳಿಯಿತು, ಮಗು ತೊಡೆಯ ಮೇಲೆ ಕೂರುವ ಹಾಗೆ. ನಾದಿನಿ ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಇದ್ನ ಕಲಿಯಕ್ಕೆ ಕಾನ್ವೆಂಟಿಗೆ ಹೋಗಿದ್ರಾ? ನಾನು ಪಿಯಾನೋ ಅಂದ್ಕಂಡಿದ್ದೆ."

ಎಡಗಡೆಯದಕ್ಕೆ ಬುಷ್ ಇಳಿಸಿ ಎರಡನೆಯ ಬೇರಿಂಗೂ ಕೂರಿಸಿ ಮುಗಿಸಿದೆವು. ಬಲಗಡೆಯ ಗೂಡು ಬಿಸಿಯಾಗಿ ಕೈಯಲ್ಲಿ, ಕೆಳಗಿನ ಬೇರಿಂಗು ಕೂತಾಯಿತು, ಇನ್ನು ಬುಷ್. ಬುಷ್ ಇಲ್ಲ. ತಟ್ಟೆಯಲ್ಲಿಲ್ಲ, ಬೋಗುಣಿಯ ಡೀಸೆಲ್ ಚೆಲ್ಲಿ ನೋಡಿದರೂ ಇಲ್ಲ. ಚಾಪೆ ಕೊಡವಿದೆವು. ನಾದಿನಿ ಡೆಕ್ಕಿನ ಕೆಳಗೆ ತಲೆ ಹಾಕಿದಳು. "ನಿನ್ನೆ ಎರಡನ್ನೂ ತೊಳ್ದಿದ್ವಾ ನಾವು?" ಎಂದಳು. ನನಗೆ ಒಂದನ್ನು ತೊಳೆದದ್ದು ಮಾತ್ರ ನೆನಪು. ಬಿಸಿ ಆರಿ ಗೂಡು ತಣ್ಣಗಾಗುತ್ತಿತ್ತು.

"ಇಲ್ಲಿ," ಎಂದರು ಇವರು.

ತಿರುಗಿ ನೋಡಿದೆವು. ತೊಡೆಯ ಮೇಲಿದ್ದ ಎಡಗೈಯಲ್ಲಿ, ಆ ಬಾರದ ಕೈಯಲ್ಲಿ, ಬುಷ್ ಇತ್ತು. ತೊಳೆಯದ್ದು. ಹಿಂದಿನ ದಿನ ನಾವು ಕಾಫಿಗೆ ಒಳಗೆ ಹೋದಾಗಲೇ ತಟ್ಟೆಯಿಂದ ತೆಗೆದುಕೊಂಡಿರಬೇಕು. ಬಲಗೈಯ ಬೆರಳು ಅದರ ಮೈಮೇಲೆ ಮೆಲ್ಲಗೆ ಓಡಾಡುತ್ತಿತ್ತು. ಬೆರಳ ತುದಿಯಲ್ಲಿ ತಿಳಿನೀಲಿ ಹುಡಿ.

"ಕೊಳೆ," ಎಂದರು. ಮುಂದಿನ ಪದ ಬರಲು ಬಹಳ ಹೊತ್ತು ಹಿಡಿಯಿತು. "ಔಷ್ದಿ."

"ನಾನೇ," ಎಂದರು. "ಪೂಜೆ."

ನಾದಿನಿ ಸೊಂಟಕ್ಕೆ ಕೈ ಕೊಟ್ಟು ಅಣ್ಣನ ಎದುರಿಗೆ ಹೋಗಿ ನಿಂತಳು.

"ಅಲ್ಲ ಅಣ್ಣಯ್ಯ, ಬೇರಿಂಗಿಗೆ ಕೊಳೆ ರೋಗ ಬರ್ಬಾರ್ದು ಅಂತ ವರ್ಷ ವರ್ಷ ಔಷ್ದಿ ಹೊಡ್ದಿದೀಯಲ್ಲ, ಫಸಲು ಎಷ್ಟು ಬಂತು?"

ಒಂದು ಕ್ಷಣ ನನಗೆ ಅವಳನ್ನು ಹೊಡೆಯಬೇಕೆನಿಸಿತು. ಆಮೇಲೆ ಇವರ ಬಾಯಿಯ ಬಲಗಡೆ ಅಲುಗಿತು. ಹೊಟ್ಟೆ ಕುಲುಕಿತು. ಅರ್ಧ ಮುಖದ ನಗು ಅದು, ಆದರೆ ಹಳೆಯ ನಗು. ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. "ಬಂತು," ಎಂದು ಮೆಟ್ಟಿಲ ಮೇಲೆ ಬಿದ್ದಿದ್ದ ಹಳೆಯ ಗುಂಡುಗಳನ್ನು ತೋರಿಸಿದರು. ನಾವು ಮೂವರೂ ನಕ್ಕೆವು. ನನ್ನದು ಸ್ವಲ್ಪ ಅಳುವಿನ ಕಡೆಗೆ ಜಾರಿತು.

ಕೊಡಿ, ಎಂದು ಕೈ ಚಾಚಿದೆ. ಎಡಗೈ ಬಿಡಲಿಲ್ಲ. ಒಂದೊಂದೇ ಬೆರಳನ್ನು ನಾನೇ ಬಿಡಿಸಿ ಬುಷ್ ತೆಗೆದುಕೊಳ್ಳಬೇಕಾಯಿತು. ನಾದಿನಿ ತೊಳೆಯಲು ಹೋದಾಗ ಇವರು ತಲೆ ಅಲ್ಲಾಡಿಸಿ, ಬಟ್ಟೆ ತೋರಿಸಿದರು. ಒರೆಸಿದೆವು.

ಆ ಸಂಜೆಯೇ ಡೆಕ್ಕು ಏರಿಸಿ, ಬೆಲ್ಟು ಹಾಕಿ ಕೀ ತಿರುಗಿಸಿದೆ. ಆ ಸದ್ದು! ಬಾಯಿ ಮುಚ್ಚಿದ ಹಾಡು, ಚಾಪೆಲ್ಲಿನ ತಂಪು, ಎಲ್ಲವೂ ನನ್ನ ಸೀಟಿನ ಕೆಳಗಿನಿಂದ ಎದ್ದು ಬಂದ ಹಾಗಾಯಿತು. ಎತ್ತರದ ಹುಲ್ಲನ್ನು ಮೊದಲು ಮೇಲೆ ಮೇಲೆ, ಮರುದಿನ ಇನ್ನೂ ಇಳಿಸಿ, ಮೂರನೆಯ ಸಲ ಬುಡಕ್ಕೇ ಕತ್ತರಿಸಿದೆ. ಗೆರೆ ಎಲ್ಲೂ ಏರುಪೇರಾಗಲಿಲ್ಲ. ಮುಗಿಸಿ ಮೆಟ್ಟಿಲ ಹತ್ತಿರ ಬಂದು ಕೈ ನೀಡಿದೆ.

ಇವರು ಹುಲ್ಲು ನೋಡಿದರು. ಚೆನ್ನಾಗಿದೆ ಎನ್ನುವ ಹಾಗೆ ತಲೆದೂಗಿದರು. ಏಳಲಿಲ್ಲ.

ಮರುದಿನವೂ ಏಳಲಿಲ್ಲ. ಮೆಷಿನ್ನು ಸರಿಯಾದರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಅಂದುಕೊಂಡಿದ್ದೆನಲ್ಲ. ಮಧ್ಯಾಹ್ನ ಮಲಗಿದರೆ ನಿದ್ದೆ ಬರಲಿಲ್ಲ. ಹುಲ್ಲಿನ ಮೇಲೆ ಬೆಳ್ಳಕ್ಕಿಗಳು ಓಡಾಡಿಕೊಂಡಿದ್ದವು, ನಮ್ಮ ಪರವಾಗಿ ನಡೆಯುತ್ತಿರುವಂತೆ.

ಹಾಗೇ ಆಯುಧಪೂಜೆ ಬಂತು. ಬೆಳಿಗ್ಗೆ ನಾನು ಮೆಷಿನ್ನನ್ನು ಹುಲ್ಲಿನ ಆ ಕೊನೆಯಲ್ಲಿ, ಬೇಲಿಯ ಬುಡದ ನೆರಳಿನಲ್ಲಿ ತಂದು ನಿಲ್ಲಿಸಿದೆ, ಪ್ರತಿ ವರ್ಷ ತೊಳೆಯುವ ಜಾಗ ಅದು. ಅಭ್ಯಾಸ ಎಂದರೆ ಅಭ್ಯಾಸ, ನಾದಿನಿ ಸೇವಂತಿಗೆ ಹಾರದ ಜೊತೆ ಪಂಪನ್ನೂ ವ್ಯಾನಿನಲ್ಲಿ ಹಾಕಿಕೊಂಡು ಬಂದುಬಿಟ್ಟಿದ್ದಳು. ಇಳಿಸಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಟ್ಯಾಂಕ್ ತೊಳ್ದಿದೀನಿ ಅಣ್ಣಯ್ಯ, ನಿನ್ನಾಣೆ," ಎಂದಳು. "ಚಕ್ರಕ್ಕೆ ಮಾತ್ರ ಒಂಚೂರು ಹೊಡೆಯಾನಾ? ಇಲ್ಲಿಂದ್ಲೇ ಹೊಡೀಬಹುದು, ನೀನು ಏಳದೇನೂ ಬ್ಯಾಡ."

ಗನ್ನನ್ನು ಇವರ ಕೈಗೆ ಕೊಟ್ಟಳು. ಇವರು ಅದನ್ನು ಹಿಡಿದು ನೋಡಿದರು. ಕುರ್ಚಿಯಿಂದಲೇ ನೀರು ಅಷ್ಟು ದೂರ ಹೋಗುತ್ತದೆ, ಅದೂ ನಿಜ. ಆಮೇಲೆ ಅದನ್ನು ಪಕ್ಕಕ್ಕಿಟ್ಟರು.

"ಬ್ಯಾಡ."

ನನ್ನ ಕಡೆ ತಿರುಗಿ, "ಬಟ್ಟೆ," ಎಂದರು.

ಹಳೆಯ ಕಾಟನ್ ಸೀರೆಯ ತುಂಡೊಂದನ್ನು ತಂದುಕೊಟ್ಟೆ. ಬಟ್ಟೆಯಿಂದ ಒರೆಸಬೇಕೆಂದರೆ ಮೆಷಿನ್ನಿನ ಹತ್ತಿರ ಹೋಗಬೇಕು. ಇಲ್ಲಿಗೇ ತರಲಾ ಎಂದು ನಾದಿನಿ ಬಾಯಿ ತೆರೆದಳು, ನಾನು ಅವಳ ಕೈ ಹಿಚುಕಿದೆ. ಇವರು ಬಟ್ಟೆಯನ್ನು ಎಡಗೈಯೊಳಗೆ ತುರುಕಿಕೊಂಡರು. ಕೈ ಅದನ್ನು ಹಿಡಿದುಕೊಂಡಿತು. ಬಲಗೈಯಲ್ಲಿ ಕೋಲು ಊರಿ, ಕುರ್ಚಿಯ ಅಂಚಿಗೆ ಸರಿದು ಎದ್ದರು. ಮೆಟ್ಟಿಲಿಗೆ ನಾನು ತೋಳು ಕೊಟ್ಟೆ. ಹುಲ್ಲಿಗೆ ಇಳಿದ ಮೇಲೆ ತೋಳು ಬಿಡಿಸಿಕೊಂಡರು.

ಇಬ್ಬನಿ ಇನ್ನೂ ಆರಿರಲಿಲ್ಲ. ಎಡಗಾಲು ಎಳೆದ ಜಾಗದಲ್ಲಿ ಹಸಿರು ಹೆಚ್ಚಾಗಿ, ಒಂದು ಗೆರೆ ಅವರ ಹಿಂದೆ ಬರುತ್ತಿತ್ತು. ನಡುವಿನಲ್ಲಿ ಒಮ್ಮೆ ನಿಂತರು. ನಾನು ಓಡಲು ಹೊರಟೆ. ಅವರು ಕಾಲನ್ನು ನೋಡುತ್ತಿದ್ದರು.

"ಎಂತಾತು ಅಣ್ಣಯ್ಯ?" ಎಂದು ನಾದಿನಿ ಕೂಗಿದಳು.

"ಚುಚ್ಚುತ್ತೆ."

"ಚುಚ್ಲಿ ಬಿಡು! ಅದ್ಕೇ ಅಲ್ವಾ ನಾವಿಬ್ರು ಮುದುಕೀರು ಸೊಂಟ ಮುರ್ಕಂಡಿದ್ದು!"

ಇವರು ಬೇಲಿಯವರೆಗೆ ಹೋದರು. ಮೆಷಿನ್ನಿನ ಬಾನೆಟ್ಟಿನ ಮೇಲೆ ಕೋಲನ್ನು ಒರಗಿಸಿಟ್ಟು, ಮೆಷಿನ್ನಿಗೇ ಮೈ ಆನಿಸಿ ನಿಂತು, ಗುಲಾಬಿಯಾದ ಆ ಕೆಂಪನ್ನು ಒರೆಸತೊಡಗಿದರು. ಅವಸರವಿಲ್ಲದೆ, ಸುತ್ತು ಸುತ್ತಾಗಿ, ಒಣ ಬಟ್ಟೆಯಲ್ಲಿ. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತೆ. ಕರೆಯುವವರೆಗೆ ಹೋಗಬಾರದು ಎನಿಸಿತು.